ಮತದಾನವೂ ಉಪ್ಪಿನ ಋಣವೂ

ಸದ್ಗುಣವೂ ದುರ್ಗುಣವೂ ಎದುರಾದಾಗ ಯಾವದನ್ನು ಆರಿಸಬೇಕೆಂಬದು ಸಜ್ಜನನಿಗೆ ಕಠಿಣವಾದ ಪ್ರಶ್ನೆಯಲ್ಲ. ಎರಡು ಸದ್ಗುಣಗಳೇ ಪರಸ್ಪರ ವಿರುದ್ಧವಾಗಿ ಬಂದು ನಿಂತಾಗ ಅವನ ವಿವೇಕಕ್ಕೆ ನಿಜವಾದ ಪರೀಕ್ಷೆಯಾಗುವದು. ಚುನಾವಣೆಯ ಕಾಲದಲ್ಲಿ ಉಪಕಾರಸ್ಮರಣೆಗೂ ಪೌರಧರ್ಮಕ್ಕೂ ಒದಗುವ ತೊಡಕು ಇಂಥದೇ ಆಗಿದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸ್ಥಿತಿಯನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸಿದರೆ ವಿಷಯವು ಸ್ಪಷ್ಟವಾಗುವದು.

ಇಂಡಿ ಸಿಂದಗಿಗಳ ಉತ್ತರದ ಅಂಚಿನಲ್ಲಿ ಭೀಮೆಯು ಹರಿಯುತ್ತಾಳೆ, ಬಾಗೇವಾಡಿ ಮುದ್ದೇಬಿಹಾಳಗಳ ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳೆಂದು ಜನರು ಹೇಳುವರು. ಆದರೆ ಆ ಮಾತಿನೊಳಗಣ 'ಬೆಳೆದರೆ' ಎಂಬ ಶಬ್ದದಲ್ಲಿಯೇ ಈ ನಾಡಿನ ಕಷ್ಟವೆಲ್ಲ ಅಡಗಿರುವದು. 1964ರಲ್ಲಿ ಲಾಲ ಬಹಾದ್ದೂರ ಶಾಸ್ತ್ರಿಗಳು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟ ಯೋಜನೆಯಿಂದ ಅನೇಕ ಹೊಲಗಳಿಗೆ ನೀರು ಬಂದಿತು, ಅನೇಕ ಊರುಗಳು ನೀರಿನಲ್ಲಿ ಮುಳುಗಿದವು. ಇಷ್ಟಾದರೂ ಮಳೆಯನ್ನೇ ನಂಬಿದ ಎರೆಯೂ ಮಡ್ಡಿಯೂ ಇನ್ನೂ ಬಹಳವಾಗಿ ಉಳಿದಿವೆ. ಆದುದರಿಂದ ಸುಗ್ಗಿ ಮುಗಿದೊಡನೆ ಕೂಲಿಯವರು ಗುಳೆ ಹೋಗುವರು. ಕೆಲವರು ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯುವದಕ್ಕೆ, ಕೆಲವರು ಗೋವೆಯಲ್ಲಿ ಗವಂಡಿ ಕೆಲಸಕ್ಕೆ, ಕೆಲವರು ಬೆಂಗಳೂರು ಮಂಗಳೂರುಗಳಿಗೆ. ವಿಧಾನಸಭೆಯ ಚುನಾವಣೆ ನಡೆದದ್ದು 2023ನೆಯ ಮೇ 10ರಂದು. ಈ ಜಿಲ್ಲೆಯಲ್ಲಿ ಲೋಕಸಭೆಯ ಮತದಾನವಾದದ್ದು 2024ನೆಯ ಮೇ 7ರಂದು. ಎರಡೂ ಬಿರುಬಿಸಿಲಿನ ದಿನಗಳು. ಹೊಲದಲ್ಲಿ ಕೆಲಸವಿಲ್ಲದ, ದುಡಿಯಲು ಹೋದವರು ಊರಿಂದ ದೂರವಿರುವ ದಿನಗಳು.

ಕಾಯಿದೆಯು ಒಬ್ಬ ಮನುಷ್ಯನ ಹೆಸರನ್ನು ಒಂದೇ ಕ್ಷೇತ್ರದ ಯಾದಿಯಲ್ಲಿ ಬರೆಯಗೊಡುವದು. ಕೆಲಕಾಲ ಪರಸ್ಥಳದಲ್ಲಿದ್ದ ಮಾತ್ರಕ್ಕೆ ಅವನು ತನ್ನೂರಿನ ನಿವಾಸಿಯೆಂಬದು ತಪ್ಪುವದಿಲ್ಲವೆಂದು 1950ನೆಯ ಪ್ರಜಾಪ್ರಾತಿನಿಧ್ಯ ಕಾಯಿದೆಯು ಹೇಳುತ್ತದೆ. ಹೀಗೆ ಹೆಸರು ಊರಲ್ಲಿ, ಒಡಲು ಪರವೂರಲ್ಲಿ. ಸೈನಿಕನಿಗೆ ಅಂಚೆಯ ಮೂಲಕ ಮತ ಕಳಿಸುವ ಅನುಕೂಲವಿದೆ, ಕೂಲಿಯವನಿಗೆ ಅದಿಲ್ಲ. ವಲಸೆ ಹೋದವರು ತಾವಿದ್ದಲ್ಲಿಂದಲೇ ಮತ ಹಾಕಬಹುದಾದ ಯಂತ್ರವೊಂದರ ಮಾದರಿಯನ್ನು ಚುನಾವಣಾ ಆಯೋಗವು 2022ರ ಡಿಸೆಂಬರಿನಲ್ಲಿ ಪ್ರಕಟಿಸಿತು. 2024ರ ಚುನಾವಣೆಯಲ್ಲಿ ಅದು ಬಳಕೆಗೆ ಬರಲಿಲ್ಲ. ಹೀಗಿರುವಾಗ ಊರಿಗೆ ಬರುವದೆಂದರೆ ಎರಡು ಮೂರು ದಿನದ ಕೂಲಿಯನ್ನು ಕಳಕೊಂಡು, ಮೇಲೆ ಬಸ್ಸಿನ ಖರ್ಚನ್ನೂ ಹೊರುವದು. ಆ ಹೊತ್ತಿಗೆ ಯಾರೋ ಉಮೇದುವಾರನ ಕಡೆಯವರು ಗಾಡಿಯನ್ನು ಕಳಿಸುವರು. ದಾರಿಯಲ್ಲಿ ಊಟ ಮಾಡಿಸುವರು. ಕೈಗೂ ಒಂದಿಷ್ಟು ಕೊಡುವರು. ಹತ್ತಿದವನ ಮನಸ್ಸಿನಲ್ಲಿ ಒಂದು ಮಾತು ಕೂಡುವದು: ಉಂಡ ಮನೆಗೆ ಎರಡು ಬಗೆಯಬಾರದು.

ಇಂಥವನನ್ನು ಮತ ಮಾರಿಕೊಂಡವನೆಂದು ಪಟ್ಟಣದ ಸುಶಿಕ್ಷಿತರು ಹೀಗಳೆಯುವದುಂಟು. ಇದು ಅವಿಚಾರದ ಮಾತು. ಮತಪೆಟ್ಟಿಗೆಯ ಮರೆಯಲ್ಲಿ ಅವನು ಯಾರಿಗೆ ಮತ ಕೊಟ್ಟನೆಂಬದು ಯಾರಿಗೂ ತಿಳಿಯದು; ತೆಗೆದುಕೊಂಡು ಮರೆತುಬಿಡಲು ಅವನಿಗೆ ಯಾವ ಅಡ್ಡಿಯೂ ಇಲ್ಲ. ಹೀಗಿದ್ದೂ ಅವನು ಮಾತು ನಡೆಯಿಸುವನಾದರೆ ಅದು ಲೋಭದ ಲಕ್ಷಣವಲ್ಲ, ಪ್ರಾಮಾಣಿಕತೆಯ ಲಕ್ಷಣ. ಹಣ ಹಂಚುವವರಿಗೆ ಈ ಮರ್ಮವು ಚೆನ್ನಾಗಿ ಗೊತ್ತು. ಅಪ್ರಾಮಾಣಿಕನಿಗೆ ಹಣ ಕೊಟ್ಟು ಅವರಿಗೆ ಆಗಬೇಕಾದದ್ದೇನು? ಅವರು ಬಂಡವಾಳ ಹೂಡುವದು ಬಡವನ ನಿಯತ್ತಿನ ಮೇಲೆ. ಬಡವನಲ್ಲಿರುವ ಅತ್ಯುತ್ತಮ ಗುಣವನ್ನೇ ಅವನ ಹಿತಕ್ಕೆ ಮುಳುವಾಗಿ ತಿರುಗಿಸುವದರಿಂದಲೇ ಈ ಪದ್ಧತಿಯು ಸಾಮಾನ್ಯ ಲಂಚಕ್ಕಿಂತ ಹೀನವಾದದ್ದು.

ಹಾಗಾದರೆ ಉಪ್ಪಿನ ಋಣವು ಸುಳ್ಳೇ? ಸುಳ್ಳಲ್ಲ. ಆದರೆ ಋಣಕ್ಕೂ ಒಂದು ಮೇರೆಯುಂಟು. ಸಾಲವನ್ನು ಸ್ವಂತದ ಸ್ವತ್ತಿನಿಂದ ತೀರಿಸಬೇಕು. ಊರ ದೇವಸ್ಥಾನದ ಭಂಡಾರದ ಕೀಲಿಯು ಒಬ್ಬನ ಕೈಯಲ್ಲಿದೆಯೆಂದು ತಿಳಿಯಿರಿ. ಕಷ್ಟಕಾಲದಲ್ಲಿ ತನಗೆ ಅನ್ನವಿಟ್ಟವನಿಗೆ ಅವನು ಆ ಭಂಡಾರದಿಂದ ಹಣ ತೆಗೆದು ಕೊಟ್ಟರೆ ಯಾರಾದರೂ ಅವನನ್ನು ಕೃತಜ್ಞನೆಂದು ಹೊಗಳುವರೇ? ಮತವೂ ಇಂಥ ಕೀಲಿಯೇ. ಗೆದ್ದವನು ಐದು ವರುಷ ಮಾಡುವ ಕಾರ್ಯಗಳು, ಕಾಲುವೆಯ ನೀರು, ಸಾಲೆಯ ಮಾಸ್ತರಿಕೆ, ದವಾಖಾನೆಯ ಔಷಧ, ಮತ ಹಾಕಿದವನೊಬ್ಬನಿಗೆ ಮುಟ್ಟಿ ನಿಲ್ಲುವದಿಲ್ಲ. ಹದಿನೆಂಟು ತುಂಬದ ಮಕ್ಕಳಿಗೂ, ಗಾಡಿ ಸಿಗದೆ ಪರವೂರಲ್ಲಿಯೇ ಉಳಿದ ನೆರೆಯವನಿಗೂ ಅವು ತಟ್ಟುವವು. ಅವರೆಲ್ಲರ ಪಾಲು ಈ ಒಂದು ಮತದಲ್ಲಿ ಸೇರಿದೆ. ಅದರಿಂದ ತನ್ನೊಬ್ಬನ ಊಟದ ಸಾಲವನ್ನು ತೀರಿಸುವದು ಪರರ ಗಂಟಿನಿಂದ ಉದಾರಿಯಾದಂತೆ.

ಇನ್ನು ಕೊಟ್ಟವನ ಕಡೆಗೆ ನೋಡೋಣ. ಬಾಗೇವಾಡಿಯು ಬಸವಣ್ಣನವರ ಹೆಸರಿನಿಂದ ಪ್ರಸಿದ್ಧವಾದ ಊರು. ದಾಸೋಹವೆಂದರೇನೆಂಬದನ್ನು ಅಲ್ಲಿಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ನೀಡುವವನು ತಾನು ಒಡೆಯನೆಂಬ ಭಾವವನ್ನು ಬಿಟ್ಟು ದಾಸನಾಗಿ ನೀಡುವದು ದಾಸೋಹ. ಅಲ್ಲಿ ಉಂಡವನ ಕೊರಳಿಗೆ ಹಗ್ಗ ಬೀಳುವದಿಲ್ಲ. ಪ್ರತಿಫಲವನ್ನು ಎಣಿಸಿ ಕೊಟ್ಟದ್ದು ವ್ಯಾಪಾರ. 1951ನೆಯ ಕಾಯಿದೆಯ 123ನೆಯ ಕಲಮು ಇದನ್ನು ಒಳ್ಳೆಯ ವ್ಯಾಪಾರವೆಂದು ಕೂಡ ಒಪ್ಪುವದಿಲ್ಲ. ಮತಕ್ಕಾಗಿ ಹಣ ಕೊಡುವದು ಹೇಗೋ ತೆಗೆದುಕೊಳ್ಳುವದೂ ಹಾಗೆಯೇ ಅಲ್ಲಿ ಭ್ರಷ್ಟಾಚರಣೆಯೆನಿಸಿದೆ. ಮತದಾರರನ್ನು ಪುಕ್ಕಟೆಯಾಗಿ ಸಾಗಿಸಲು ಉಮೇದುವಾರನು ಬಾಡಿಗೆಯ ಗಾಡಿ ಗೊತ್ತುಮಾಡುವದೂ ಅದರಲ್ಲಿ ಸೇರಿದೆ. ದಾನವೂ ಅಲ್ಲದ, ನ್ಯಾಯವಾದ ಕ್ರಯವೂ ಅಲ್ಲದ ವಸ್ತುವಿನಿಂದ ಋಣವು ಹುಟ್ಟುವದಾದರೂ ಹೇಗೆ?

ಮತವು ಪರರ ಸಲುವಾಗಿ ಹಿಡಿದ ನ್ಯಾಸವೆಂಬದನ್ನು ಆಂಗ್ಲ ತತ್ತ್ವಜ್ಞನಾದ ಜಾನ್ ಸ್ಟುಅರ್ಟ್ ಮಿಲ್ಲನೂ 1861ರಲ್ಲಿ ಹೇಳಿದನು. ನ್ಯಾಸವಾದುದರಿಂದ ಅದನ್ನು ಎಲ್ಲರೆದುರಿಗೆ ಬಹಿರಂಗವಾಗಿಯೇ ಕೊಡಬೇಕೆಂದು ಅವನ ವಾದ. ತತ್ತ್ವವು ಸರಿ, ತೀರ್ಮಾನವು ಸರಿಯಲ್ಲ. ಏಕೆಂದರೆ ಕೂಲಿಯವನ ಎದುರಿಗೆ ಕುಳಿತು ನೋಡುವವರು ನಿಷ್ಪಕ್ಷಪಾತಿಗಳಾದ ಪಂಚರಲ್ಲ. ಮುಂಗಡ ಕೊಟ್ಟ ಮುಕಾದಮನು, ಸಾಲ ಕೊಟ್ಟ ಸಾವಕಾರನು. ಇಂಗ್ಲಂಡವೇ 1872ರಲ್ಲಿ ಗುಪ್ತಮತದಾನವನ್ನು ಕೈಕೊಂಡಿತು. ಯಾರಿಗೆ ಮತ ಕೊಟ್ಟೆಯೆಂದು ಯಾರನ್ನೂ ಒತ್ತಾಯದಿಂದ ಹೇಳಿಸಲಾಗದೆಂದು ನಮ್ಮ ಕಾಯಿದೆಯೂ ವಿಧಿಸಿದೆ. ಆ ಮರೆಯು ಭಯದಿಂದ ಬಿಡಿಸುವದಕ್ಕೆ ಇದ್ದಂತೆ ದಾಕ್ಷಿಣ್ಯದಿಂದ ಬಿಡಿಸುವದಕ್ಕೂ ಇದೆ. ಅದರ ಹಿಂದೆ ನಿಂತ ನಿಮಿಷದಲ್ಲಿ ಯಾರ ಉಪ್ಪಿನ ಲೆಕ್ಕವೂ ಇರಬಾರದು.

ಎಲ್ಲರ ಹಣವನ್ನೂ ತೆಗೆದುಕೊಂಡು ಮನಸ್ಸಿಗೆ ಬಂದವನಿಗೆ ಮತ ಹಾಕಿರೆಂದು ಕೆಲವರು ಬುದ್ಧಿ ಹೇಳುವರು. ಇದು ಜಾಣತನವೆನಿಸಿದರೂ ಬಡವನಿಗೆ ಸುಳ್ಳಾಡುವದನ್ನು ಕಲಿಸುವ ಬುದ್ಧಿ. ಕೊಟ್ಟ ಹಣವು ನಾಳೆ ರಸ್ತೆಯ ಡಾಂಬರಿನಲ್ಲಿಯೋ ಕೆರೆಯ ಹೂಳಿನಲ್ಲಿಯೋ ಬಡ್ಡಿಸಮೇತ ವಸೂಲಾಗದೆ ಇರದು. ಬೇಡವೆನ್ನುವದೇ ಶ್ರೇಯಸ್ಸು. ಆದರೆ ಹೊಟ್ಟೆ ತುಂಬಿದವರು ಹಸಿದವನಿಗೆ ಬೇಡವೆನ್ನಲು ಹೇಳಿ ಸುಮ್ಮನಾದರೆ ಅವರ ಕರ್ತವ್ಯವು ಮುಗಿಯಲಿಲ್ಲ. ಮತದಾನದ ದಿವಸ ಕೂಲಿ ಮುರಿಯದೆ ರಜೆ ಕೊಡಬೇಕೆಂದು 1996ರಲ್ಲಿ ಸೇರಿಸಿದ ಕಲಮಿದೆ. ಅದು ದಿನಗೂಲಿಯವರಿಗೂ ಹೊಂದುವದು. ಅದನ್ನು ನಡೆಯಿಸುವದು ಧಣಿಗಳ ಹೊಣೆ. ಜಾತ್ರೆಗೆ ವರ್ಗಣಿ ಕೂಡಿಸುವ ಊರು, ಯಾವ ಉಮೇದುವಾರನ ಹೆಸರೂ ಸೋಂಕದಂತೆ ತನ್ನವರನ್ನು ಕರೆತರುವ ಖರ್ಚನ್ನು ಹೊರಲಾರದೇ? ಆಗ ಬಂದವನಿಗೆ ಋಣವಿದ್ದರೆ ಊರಿಗೇ ಇರುವದು. ಊರಿನ ಋಣವನ್ನು ತೀರಿಸುವದಕ್ಕೆ ಮತವು ತಕ್ಕ ನಾಣ್ಯ. ಇನ್ನು ಮತಗಟ್ಟೆಯ ಮಗ್ಗುಲಲ್ಲಿಯೇ ಮನೆಯಿದ್ದು, ಬಿಸಿಲಿಗೆ ಬೇಸತ್ತು ಹೊರಬೀಳದವರಿಗೆ ನೆವವಾದರೂ ಏನು? ಯೋಗ್ಯರು ಯಾರೂ ಇಲ್ಲವೆನ್ನುವವರಿಗೆ ಅದನ್ನೇ ಹೇಳುವ ಗುಂಡಿಯೊಂದು 2013ರಿಂದ ಯಂತ್ರದಲ್ಲಿದೆ.

ಈ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1919 ಮತ್ತು 1935ರ ಕಾಯಿದೆಗಳಂತೆ ಮತದ ಹಕ್ಕು ಕಂದಾಯ, ತೆರಿಗೆ, ವಿದ್ಯೆಗಳನ್ನು ನೋಡಿ ದೊರೆಯುತ್ತಿತ್ತು. ಇಂದಿನ ಕೂಲಿಯವನ ಅಜ್ಜನನ್ನು ಯಾರೂ ಕೇಳಲಿಲ್ಲ, ಕರೆಯಲೂ ಇಲ್ಲ. 1950ರಲ್ಲಿ ರಾಜ್ಯಘಟನೆಯ 326ನೆಯ ಕಲಮು ಹೊಲವನ್ನೂ ಅಕ್ಷರವನ್ನೂ ಕೇಳದೆ ವಯಸ್ಕರೆಲ್ಲರಿಗೂ ಆ ಹಕ್ಕನ್ನು ಕೊಟ್ಟಿತು. 1951–52ರ ಮೊದಲನೆಯ ಚುನಾವಣೆಯ ಯಾದಿಯಲ್ಲಿ 17 ಕೋಟಿಗೆ ಮೀರಿದ ಹೆಸರುಗಳಿದ್ದವು. ಇದನ್ನು ಕೊಟ್ಟವರು ಯಾವ ಉಮೇದುವಾರರೂ ಅಲ್ಲ. ಇದಕ್ಕಾಗಿ ದುಡಿದ ಹಿರಿಯರು ಈಗ ಇಲ್ಲ; ಅವರಿಗೆ ಮರಳಿ ಕೊಡುವ ಮಾರ್ಗವೂ ಇಲ್ಲ. ಆದರೆ ಪಿತೃಋಣವು ಮಕ್ಕಳನ್ನು ಸಾಕುವದರಿಂದ ತೀರುವದೆಂದು ಹಿಂದಿನವರು ತಿಳಿದಿದ್ದರು. ಈ ಋಣವೂ ಹಾಗೆಯೇ ಮುಂದಕ್ಕೆ ಹರಿದು ತೀರತಕ್ಕದ್ದು. ಮುಂದೆ ಗುಳೆ ಹೋಗಬೇಕಾಗದಂಥ ಊರನ್ನು ಮಕ್ಕಳಿಗೆ ಮಾಡಿಕೊಡಬಲ್ಲವನು ಯಾರೆಂದು ಯೋಚಿಸಿ ಹಾಕಿದ ಮತದಿಂದ ಅದು ತೀರುವದು. ಒಂದು ಹೊತ್ತಿನ ಊಟಕ್ಕೆ ಹಾಕಿದ ಮತದಿಂದ ಅದು ಬೆಳೆಯುತ್ತ ಹೋಗುವದು.