ಎಲ್ಲರ ಬಾಯಲ್ಲೂ ಒಳ್ಳೆಯವಳು

ಪೆಪ್ಸಿಕೋ ಕಂಪನಿಯ ಅಧ್ಯಕ್ಷೆಯಾಗುವ ಸುದ್ದಿ ಹೊತ್ತು ಇಂದ್ರಾ ನೂಯಿ ಮನೆ ಸೇರಿದಾಗ ರಾತ್ರಿ ಹತ್ತಾಗಿತ್ತು. ಹೇಳಲು ಬಾಯಿ ತೆರೆದರೆ, ‘ಅದೆಲ್ಲ ಆಮೇಲೆ, ಮೊದಲು ಹೋಗಿ ಹಾಲು ತಾ’ ಎಂದರು ತಾಯಿ. ಗಂಡ ಎಂಟಕ್ಕೇ ಬಂದಿದ್ದರಲ್ಲ, ಅವರಿಗೆ ಹೇಳಬಹುದಿತ್ತಲ್ಲ? ಅವರಿಗೆ ಸುಸ್ತಂತೆ. ಮನೆಗೆಲಸದವರಿಗೆ? ಹೇಳಲು ಮರೆತುಹೋಯಿತಂತೆ. ನೂಯಿ ಹೋಗಿ ಹಾಲು ತಂದು ಕಟ್ಟೆಯ ಮೇಲೆ ಕುಕ್ಕಿ, ಸುದ್ದಿ ಹೇಳಿದರು. ಮನೆಗೆ ಬಂದ ಮೇಲೆ ನೀನು ಹೆಂಡತಿ, ಮಗಳು, ಸೊಸೆ, ತಾಯಿ. ಆ ಕಿರೀಟವನ್ನು ಗ್ಯಾರೇಜಿನಲ್ಲೇ ಬಿಟ್ಟು ಬಾ ಎಂದು ತಾಯಿ ತೀರ್ಪು ಕೊಟ್ಟರು.

2014ರಲ್ಲಿ ಅಮೆರಿಕದ ಆಸ್ಪೆನ್‌ನ ಸಂವಾದವೊಂದರಲ್ಲಿ ನೂಯಿಯವರೇ ಹೇಳಿದ ಪ್ರಸಂಗ ಇದು. ವಿನಯದ ಪಾಠವೆಂದು ಇದನ್ನು ಹಂಚಿಕೊಳ್ಳುವವರಿದ್ದಾರೆ. ನನಗೆ ಇದರಲ್ಲಿ ಕಾಣುವುದು ಬೇರೆ. ಆಕೆ ವಾದ ಮಾಡಿದರು, ಸಿಟ್ಟಾದರು, ಆದರೂ ಹಾಲು ತಂದರು. ‘ಇವತ್ತು ಆಗುವುದಿಲ್ಲಮ್ಮ’ ಎಂಬ ಒಂದು ಮಾತು ಮಾತ್ರ ಹೊರಡಲಿಲ್ಲ. ದೊಡ್ಡ ದೊಡ್ಡ ವ್ಯವಹಾರ ಕುದುರಿಸಿದ ಬಾಯಿಗೂ ಅದು ಬಾರದು ಎಂದರೆ, ಬಾಲ್ಯದಲ್ಲೇ ಏನೋ ಗಟ್ಟಿಯಾಗಿ ಕೂತಿರಬೇಕು.

ಹಾಗೆಂದು ತಾಯಿ ಶಾಂತಾ ಅವರನ್ನು ಖಳನಾಯಕಿ ಮಾಡಿದರೆ ತಪ್ಪಾದೀತು. ಮದ್ರಾಸಿನ ಮನೆಯಲ್ಲಿ ಊಟವಾದ ಮೇಲೆ ಹೆಣ್ಣುಮಕ್ಕಳಿಬ್ಬರನ್ನೂ ಕೂರಿಸಿಕೊಂಡು, ನೀನು ಪ್ರಧಾನಿಯಾದರೆ ಏನು ಮಾಡುತ್ತೀ ಎಂದು ಭಾಷಣ ಮಾಡಿಸುತ್ತಿದ್ದವರೂ ಅವರೇ. ಹದಿನೆಂಟಾದರೆ ಮದುವೆ ಮಾಡಿಬಿಡುತ್ತೇನೆ ಎನ್ನುತ್ತಿದ್ದವರೂ ಅವರೇ. ಎರಡು ಪರೀಕ್ಷೆ, ಎರಡರಲ್ಲೂ ನೂರಕ್ಕೆ ನೂರು ಬರಬೇಕು. ‘ಇಷ್ಟು ದೊಡ್ಡ ಹುದ್ದೆಯಲ್ಲಿದ್ದರೂ ಅಡುಗೆಮನೆ ಬಿಟ್ಟಿಲ್ಲ ನೋಡಿ’ ಎಂದು ನಮ್ಮೂರುಗಳಲ್ಲೂ ಹೊಗಳುತ್ತಾರಲ್ಲ, ಆ ಹೊಗಳಿಕೆಯಲ್ಲಿರುವುದೂ ಇದೇ ಪರೀಕ್ಷೆ.

ಇದರಿಂದ ಬಿಡಿಸಿಕೊಳ್ಳುವುದು ಹೇಗೆ? ‘ನಿಮ್ಮನ್ನು ನೀವು ಪ್ರೀತಿಸಿ’ ಎಂಬ ಉಪದೇಶದಲ್ಲಿ ನನಗೆ ನಂಬಿಕೆ ಕಡಿಮೆ. ನೂಯಿ ಕಂಡುಕೊಂಡ ಉಪಾಯ ಅದಕ್ಕಿಂತ ಚೆನ್ನಾಗಿದೆ. ಮಗಳ ಶಾಲೆಯಲ್ಲಿ ಪ್ರತಿ ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ತಾಯಂದಿರ ಕಾಫಿ ಕೂಟ. ಕೆಲಸಕ್ಕೆ ಹೋಗುವವರು ಆ ಹೊತ್ತಿಗೆ ಬರುವುದು ಹೇಗೆ? ಸಂಜೆ ಮಗಳು ಬಂದವರ ಹೆಸರನ್ನೆಲ್ಲ ಸಾಲಾಗಿ ಹೇಳಿ, ‘ನೀನು ಮಾತ್ರ ಬರಲಿಲ್ಲ’ ಎನ್ನುತ್ತಿದ್ದಳು. ಮೊದಮೊದಲು ಅಳುಕಿನಿಂದ ಕುಗ್ಗಿದ ತಾಯಿ, ಆಮೇಲೆ ಶಾಲೆಗೇ ಫೋನು ಮಾಡಿ, ಬಾರದ ತಾಯಂದಿರ ಪಟ್ಟಿ ತರಿಸಿಕೊಂಡರು. ಮುಂದಿನ ಸಲ ಮಗಳು ಶುರುಮಾಡಿದಾಗ ಆ ಹೆಸರುಗಳನ್ನು ಓದಿ ಹೇಳಿದರು: ಇವರೂ ಬಂದಿಲ್ಲ, ಅವರೂ ಬಂದಿಲ್ಲ, ಕೆಟ್ಟ ತಾಯಿ ನಾನೊಬ್ಬಳೇ ಅಲ್ಲ.

ಚೇಷ್ಟೆಯಂತೆ ಕಂಡರೂ ಇದು ಚೇಷ್ಟೆಯಲ್ಲ. ಒಬ್ಬಳೇ ಕೂತು ಕೊರಗಿದರೆ ತಪ್ಪು ತನ್ನದೆನಿಸುತ್ತದೆ. ಪಟ್ಟಿ ಕೈಗೆ ಬಂದರೆ ತಪ್ಪು ಕೂಟದ ಹೊತ್ತಿನದು ಎಂದು ಗೊತ್ತಾಗುತ್ತದೆ. ಆದರೂ ನೂಯಿ ಪೂರ್ತಿ ಗೆದ್ದರು ಎನ್ನಲಾರೆ. ಒಳ್ಳೆಯ ತಾಯಿಯಾಗಿದ್ದೆ ಎಂದು ಮಕ್ಕಳು ಹೇಳುತ್ತಾರೋ ಇಲ್ಲವೋ ಎಂಬ ಅನುಮಾನವನ್ನು ಅದೇ ಆಸ್ಪೆನ್ ವೇದಿಕೆಯಲ್ಲಿ ತೋಡಿಕೊಂಡರು. ಇನ್ನು ಆ ಪಟ್ಟಿಯಲ್ಲಿ ಒಬ್ಬ ಅಪ್ಪನ ಹೆಸರೂ ಇರಲು ಸಾಧ್ಯವಿರಲಿಲ್ಲ. ಕೂಟಕ್ಕೆ ಅಪ್ಪಂದಿರನ್ನು ಕರೆದೇ ಇರಲಿಲ್ಲ.