ಕಾಯ್ದೆ ಮತ್ತು ಕಪ್ಪುಬಸಿ

ಸ್ವಾತಂತ್ರ್ಯ ಬಂದ ದಿನ ನಮ್ಮ ಸೀಮೆಗೆ ಒಬ್ಬನೇ ಒಡೆಯನಿರಲಿಲ್ಲ. ಗದಗ-ಬೆಟಗೇರಿ, ಮುಂಡರಗಿ ಮುಂಬೈ ಪ್ರಾಂತದವು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದು. ಮುಂಡರಗಿ ದಾಟಿ ತುಸು ದೂರ ಹೋದರೆ ನಿಜಾಮನ ರಾಜ್ಯ. 1948ರಲ್ಲಿ ಈ ಸಂಸ್ಥಾನಗಳು ಮುಂಬೈಗೆ ಸೇರಿದವು. ಅದೇ ವರ್ಷ ನವೆಂಬರ್ 29ರಂದು ದಿಲ್ಲಿಯ ಸಂವಿಧಾನ ಸಭೆ ಅಸ್ಪೃಶ್ಯತೆ ರದ್ದೆಂದು ಒಪ್ಪಿತು. 1950ರಲ್ಲಿ ಅದು 17ನೆಯ ವಿಧಿಯಾಯಿತು. ಇಡೀ ದೇಶಕ್ಕೆ ಶಿಕ್ಷೆಯ ಕಾಯ್ದೆ ಬಂದದ್ದು 1955ರಲ್ಲಿ. ಹೋಟೆಲಿನ ಪಾತ್ರೆಯ ಮಾತೂ ಅದರಲ್ಲಿತ್ತು.

ನಾನು ಹುಡುಗನಾಗಿದ್ದಾಗ ಆ ಕಾಯ್ದೆಗೆ ಆಗಲೇ ಸಾಕಷ್ಟು ವಯಸ್ಸಾಗಿತ್ತು. ಶಿರಹಟ್ಟಿ ರಸ್ತೆಯ ಒಂದು ಚಹಾದಂಗಡಿಯ ಸೂರಿನ ಸಂದಿಯಲ್ಲಿ ಕಿವಿ ಮುರಿದ ಎರಡು ಕಪ್ಪುಗಳನ್ನು ಸಿಕ್ಕಿಸಿಟ್ಟಿದ್ದರು. ನಮ್ಮ ಹೊಲದ ಕೆಲಸಕ್ಕೆ ಬರುತ್ತಿದ್ದ ಹಿರಿಯರೊಬ್ಬರು ಅದನ್ನು ತಾವೇ ತೊಳೆದುಕೊಂಡು ಹೊರಗೆ ಕುಕ್ಕರಗಾಲಲ್ಲಿ ಕೂತು ಕುಡಿಯುತ್ತಿದ್ದರು. ನಾನು ಒಳಗೆ, ಬಾಕಿನ ಮೇಲೆ. ಅವರನ್ನು ‘ಅಜ್ಜಾ’ ಎಂದೇ ಕರೆಯುತ್ತಿದ್ದೆ. ಒಂದು ದಿನವೂ ಎದ್ದು ಹೊರಗೆ ಹೋಗಲಿಲ್ಲ.

‘ಬರೇ ಕಾಯ್ದೆ ಮಾಡಿದ್ರ ಆತೇನ್ರಿ? ಮನಸ್ಸು ತಿಳಿ ಆಗಬೇಕು’ ಎನ್ನುತ್ತಿದ್ದ ಅಂಗಡಿಯವ. ಎಷ್ಟು ದೊಡ್ಡ ಮಾತು ಅನ್ನಿಸಿತ್ತು! ಮುಂದೆ ಭಾಷಣಗಳಲ್ಲಿ ನಾನೂ ಅದನ್ನೇ ಆಡಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಆದರೆ ನಮ್ಮ ಮನಸ್ಸು ಹಣ್ಣಾಗುವವರೆಗೆ ಅಜ್ಜ ಬಿಸಿಲಲ್ಲಿ ಯಾಕೆ ಕೂತಿರಬೇಕಿತ್ತು? ಕಾಯ್ದೆ ಅಂಗಡಿಯವನ ಮನಸ್ಸನ್ನು ಕೇಳಿರಲಿಲ್ಲ. ಆ ಎರಡು ಕಪ್ಪುಗಳನ್ನು ತೆಗೆ ಎಂದಿತ್ತು, ಅಷ್ಟೇ.

ಯಾರೋ ಅರ್ಜಿ ಕೊಟ್ಟರೆಂಬ ಸುದ್ದಿ ಹಬ್ಬಿ ಒಂದು ಮುಂಜಾನೆ ಅವು ಮಾಯವಾದವು. ಅಂಗಡಿಯವನ ಮನಸ್ಸೇನೂ ತಿಳಿಯಾಗಿರಲಿಲ್ಲ, ಹೆದರಿದ್ದ. ಅಜ್ಜ ಒಳಗೆ ಬಂದು ಬಾಕಿನ ತುದಿಗೆ ಕೂತರು. ನಾನು ಸರಿದೆ. ಜಾಗ ಮಾಡಿಕೊಡಲು ಸರಿದೆನೋ, ದೂರವಾಗಲು ಸರಿದೆನೋ, ಇವತ್ತಿಗೂ ಹೇಳಲಾರೆ.