ಗೊತ್ತಿರುವಂತೆ ಕಾಣುವ ಅಕ್ಷರಗಳು

ರಷ್ಯನ್ ವರ್ಣಮಾಲೆಯಲ್ಲಿ ಇರುವುದು 33 ಅಕ್ಷರ. ಕಾಗುಣಿತ, ಒತ್ತಕ್ಷರ ಎಲ್ಲ ತಿದ್ದಿ ಬಂದ ನಮಗೆ ಅದೇನೂ ಹೊರೆಯಲ್ಲ. ಜೇಡದ ಹಾಗೆ ಕಾಲು ಚಾಚಿಕೊಂಡ, ‘ಝ’ಕ್ಕೆ ಹತ್ತಿರದ ಅಕ್ಷರವನ್ನು ಒಮ್ಮೆ ನೋಡಿದವರು ಮರೆಯುವುದೇ ಇಲ್ಲ. ಕಲಿಯುವವರನ್ನು ಕಾಡುವುದು ಇಂಗ್ಲಿಷಿನ ರೂಪ ಹೊತ್ತ ಅಕ್ಷರಗಳು.

ಮಾಸ್ಕೋದ ಹೋಟೆಲೊಂದರ ಫಲಕ ನೋಡಿ. ಇಂಗ್ಲಿಷಿಗೆ ಪಳಗಿದ ಕಣ್ಣು ಅದನ್ನು ‘ಪೆಕ್ಟೋಪಾಹ್’ ಎಂದು ಓದುತ್ತದೆ. ಅಲ್ಲಿರುವುದು ‘ರೆಸ್ತರಾನ್’. ಪಿ ಎಂದುಕೊಂಡದ್ದು ‘ರ’, ಸಿ ಎಂದುಕೊಂಡದ್ದು ‘ಸ’, ಎಚ್ ಎಂದುಕೊಂಡದ್ದು ‘ನ’. ಬಿ ಆಕಾರದ್ದು ‘ವ’, ವೈ ಆಕಾರದ್ದು ‘ಉ’.

ರಷ್ಯನ್ನರು ಇಂಗ್ಲಿಷನ್ನು ತಿರುಚಿದ್ದಾರೆ ಎಂದು ಯಾರಿಗಾದರೂ ಅನ್ನಿಸಿದರೆ ಅದು ತಪ್ಪು. ಸಿರಿಲ್ ಸಂತನ ಹೆಸರು ಹೊತ್ತ ಈ ಲಿಪಿ, ಆತನ ಕಾಲದ ನಂತರ ಬಲ್ಗೇರಿಯಾದಲ್ಲಿ ಗ್ರೀಕ್ ಅಕ್ಷರಗಳಿಂದ ರೂಪುಗೊಂಡಿತು. ಗ್ರೀಕಿನಲ್ಲಿ ಆ ಪಿ ಆಕಾರ ಮೊದಲಿನಿಂದಲೂ ‘ರ’ವೇ. ರೋಮನ್ನರು ಅದಕ್ಕೊಂದು ಕಾಲು ಸೇರಿಸಿ ಆರ್ ಮಾಡಿಕೊಂಡರು. ಸಿರಿಲಿಕ್ ಕಾಲಿಲ್ಲದ ಹಳೆಯ ರೂಪವನ್ನೇ ಉಳಿಸಿಕೊಂಡಿತು. ಬಿ ಆಕಾರವನ್ನು ‘ವ’ ಎಂದು ಉಚ್ಚರಿಸುವುದು ಆ ಹೊತ್ತಿಗಾಗಲೇ ಗ್ರೀಕರಲ್ಲಿ ರೂಢಿಯಾಗಿತ್ತು. ಇಷ್ಟು ತಿಳಿದ ಮೇಲೆ ಉರು ಹೊಡೆಯುವ ಕೆಲಸ ಅರ್ಧ ತಗ್ಗುತ್ತದೆ.

ಹಾಗಾಗಿ ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ಫಲಕಗಳಿಂದ ಶುರು ಮಾಡುವುದು ಒಳ್ಳೆಯದು. ಮೆಟ್ರೊ, ಬ್ಯಾಂಕ್, ಪಾರ್ಕ್, ಟ್ಯಾಕ್ಸಿ, ಕೆಫೆ: ಅಕ್ಷರ ಕೂಡಿಸಿ ಓದುತ್ತಿದ್ದಂತೆ ಅರ್ಥವೂ ಬಾಯಿಗೆ ಬರುತ್ತದೆ. ಆ ಸುಖ ಕಲಿಯುವವರನ್ನು ಮುಂದಕ್ಕೆ ಎಳೆಯುತ್ತದೆ.

ನಿಜವಾದ ಕಷ್ಟ ಆಮೇಲಿನದು. ಬರೆದಂತೆ ಓದುವ ನಮ್ಮ ಅಭ್ಯಾಸ ಅಲ್ಲಿ ಪೂರ್ತಿ ನಡೆಯುವುದಿಲ್ಲ. ಹಾಲಿಗೆ ‘ಮೊಲೊಕೊ’ ಎಂದು ಬರೆದು ‘ಮಲಕೋ’ ಎನ್ನುತ್ತಾರೆ. ಒತ್ತು ಬೀಳದ ‘ಒ’ ಸಡಿಲವಾಗಿ ‘ಅ’ಕಾರದತ್ತ ಜಾರುತ್ತದೆ. ಒತ್ತು ಎಲ್ಲಿ ಎಂಬುದನ್ನು ಪತ್ರಿಕೆ, ಕಾದಂಬರಿಗಳು ತೋರಿಸುವುದಿಲ್ಲ. ಪಠ್ಯಪುಸ್ತಕ, ನಿಘಂಟುಗಳಲ್ಲಿ ಸ್ವರದ ಮೇಲೊಂದು ಓರೆಗೆರೆ ಇರುತ್ತದೆ. ಮೊದಲ ತಿಂಗಳುಗಳಲ್ಲಿ ಆ ಗೆರೆಯಿಲ್ಲದ ಪುಸ್ತಕ ಹಿಡಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೈಬರಹ ಇನ್ನೊಂದೇ ಲೋಕ. ಅಲ್ಲಿ ‘ತ’ ಇಂಗ್ಲಿಷಿನ ಸಣ್ಣ ಎಂ ಆಗುತ್ತದೆ, ‘ದ’ ಸಣ್ಣ ಜಿ ಆಗುತ್ತದೆ. ವೈದ್ಯಕೀಯ ಓದಲು ನಮ್ಮ ಊರುಗಳಿಂದ ರಷ್ಯಾಕ್ಕೆ ಹೊರಟ ಮಕ್ಕಳಿಗೆ ಇದನ್ನು ಒತ್ತಿ ಹೇಳಬೇಕು. ಪಾಠ ಇಂಗ್ಲಿಷಿನಲ್ಲಿ ನಡೆದರೂ ವಾರ್ಡಿನ ರೋಗಿಯ ಮಾತು ರಷ್ಯನ್. ಅಲ್ಲಿನ ಒಂದನೇ ತರಗತಿಯ ಮಕ್ಕಳು ತಿದ್ದುವ ‘ಪ್ರೊಪಿಸಿ’ ಎಂಬ ಕಾಪಿ ಪುಸ್ತಕವನ್ನು ವೀಸಾಕ್ಕೆ ಕಾಯುವ ದಿನಗಳಲ್ಲೇ ತಿದ್ದಲು ಶುರು ಮಾಡಲಿ.